ಬೋರ್ಡ್ ಹೋಗಿದೆ ಅನ್ನುವ ಮೊದಲು

ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ದಿನಕ್ಕೆ ನಾಲ್ಕಾರು ಸಲ ಕೇಳಿಬರುವ ಮಾತು, 'ಬೋರ್ಡ್ ಹೋಗಿದೆ.' ಅದನ್ನು ಕೇಳಿದ ಮೇಲೆ ಗಿರಾಕಿ ಮತ್ತೇನೂ ವಿಚಾರಿಸುವುದಿಲ್ಲ. ಸತ್ತ ಫೋನನ್ನು ಜೇಬಿಗೆ ಹಾಕಿಕೊಂಡು, ಹೊಸದರ ಕಂತಿನ ಲೆಕ್ಕ ಹಾಕುತ್ತಾ ಹೊರಟುಬಿಡುತ್ತಾನೆ. ಕಳೆದ ಬೇಸಿಗೆ ರಜೆಯಿಂದ ನಾನು ತುಮಕೂರಿನಲ್ಲಿ ನನ್ನ ಮಾಮು ನಡೆಸುವ ರಿಪೇರಿ ಅಂಗಡಿಯಲ್ಲಿ ಕೂರುತ್ತಿದ್ದೇನೆ. ಆ ಮಾತು ಎಷ್ಟು ಸಲ ನಿಜ, ಎಷ್ಟು ಸಲ ಬರೀ ಆತುರ ಎಂಬುದು ಈಗ ಸ್ವಲ್ಪ ಸ್ವಲ್ಪ ತಿಳಿಯುತ್ತಿದೆ. ಆದರೆ ಒಂದು ಸಲ, ಚೆನ್ನಾಗಿದ್ದ ಬೋರ್ಡ್ ಮೇಲೆ ಆ ಮಾತನ್ನು ನಿಜ ಮಾಡಿದವನು ನಾನೇ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮ ಕ್ಲಾಸಿನ ಗೆಳೆಯನೊಬ್ಬ (ಹೆಸರು ಹಾಕಬೇಡ ಎಂದಿದ್ದಾನೆ) ಚಾರ್ಜ್ ಆಗದೆ ಆಫ್ ಆಗಿದ್ದ ಫೋನ್ ತಂದುಕೊಟ್ಟ. ಮಾಮು ಅಂಗಡಿಯಲ್ಲಿ ಇರಲಿಲ್ಲ. ನಾನು ಅಷ್ಟರಲ್ಲಿ ಹತ್ತಾರು ವಿಡಿಯೊ ನೋಡಿದ್ದೆ. ಚಾರ್ಜ್ ಆಗದಿದ್ದರೆ ಚಾರ್ಜಿಂಗ್ ಐಸಿಗೆ ಹೀಟ್ ಕೊಡಬೇಕು ಎಂದು ಅವುಗಳಲ್ಲಿ ತೋರಿಸಿದ್ದರು. ಹಾಟ್ ಏರ್ ಗನ್ ಹಿಡಿದೆ. ಐಸಿ ಅಲುಗಾಡಿದಾಗ ಗೆದ್ದೆ ಅನ್ನಿಸಿತು. ಪಕ್ಕದಲ್ಲಿದ್ದ ಪ್ರೊಸೆಸರ್ ಅಂಚಿನಿಂದ ಸಾಸಿವೆಗಿಂತ ಚಿಕ್ಕ ಬೆಸುಗೆಯ ಗುಂಡೊಂದು ಹೊರಬಂದದ್ದನ್ನು ಆಗ ನಾನು ಗಮನಿಸಲಿಲ್ಲ.

ಮಾಮು ಬಂದು ನೋಡಿದರು. ಬೈಯಲಿಲ್ಲ. 'ಎಲ್ಲೆಲ್ಲಿ ಅಳೆದೆ, ತೋರಿಸು' ಎಂದರು. ನಾನು ಎಲ್ಲಿಯೂ ಅಳೆದಿರಲಿಲ್ಲ. ಅವರು ಮಲ್ಟಿಮೀಟರ್ ತೆಗೆದು ಕೆಳಗಿನ ಚಾರ್ಜಿಂಗ್ ಬೋರ್ಡಿಗೂ ಮೇಲಿನ ಮುಖ್ಯ ಬೋರ್ಡಿಗೂ ನಡುವೆ ಇರುವ ರಿಬ್ಬನ್ ಕೇಬಲ್ ಪರೀಕ್ಷಿಸಿದರು. ಐದು ವೋಲ್ಟ್ ಸಾಗಿಸುವ ದಾರಿ ಅದರಲ್ಲೇ ತುಂಡಾಗಿತ್ತು. ಕೇಬಲ್ ಬದಲಿಸಿದ್ದರೆ ಐದು ನಿಮಿಷದ ಕೆಲಸ. ಗೆಳೆಯನ ಅಕ್ಕನ ನಿಕಾಹ್ ವಿಡಿಯೊ, ಪ್ರಥಮ ಪಿಯುಸಿಯ ನೋಟ್ಸ್‌ಗಳ ಫೋಟೊ, ಎಲ್ಲ ಆ ಫೋನಿನಲ್ಲೇ ಇದ್ದವು.

ಮೆಮೊರಿ ಚಿಪ್ ಕಿತ್ತು ಬೇರೆ ಕಡೆ ಹಾಕಿ ಓದಬಹುದಲ್ಲ ಎಂದು ಕೇಳಿದೆ. ಹಳೆಯ ಫೋನುಗಳಲ್ಲಿ ಅದು ಸಾಧ್ಯವಿತ್ತು. ಈಗಿನ ಫೋನುಗಳಲ್ಲಿ ಮೆಮೊರಿಯೊಳಗಿನ ಮಾಹಿತಿಗೆ ಬೀಗ ಹಾಕಿರುತ್ತದೆ, ಆ ಬೀಗದ ಕೀಲಿ ಪ್ರೊಸೆಸರ್‌ಗೆ ಅಂಟಿಕೊಂಡಿರುತ್ತದೆ. ಅದೇ ಪ್ರೊಸೆಸರ್, ಅದೇ ಮೆಮೊರಿ, ಎರಡೂ ಒಟ್ಟಿಗೆ ಜೀವಂತವಾದರೆ ಮಾತ್ರ ಫೋಟೊ ಸಿಗುತ್ತದೆ. ಹಾಗಾಗಿ ಬೋರ್ಡ್ ರಿಪೇರಿ ಅಂದರೆ ಎಷ್ಟೋ ಸಲ ಫೋನ್ ಉಳಿಸುವುದಕ್ಕಿಂತ ಅದರೊಳಗಿನದ್ದನ್ನು ಉಳಿಸುವ ಕೆಲಸ.

ಆಮೇಲೆ ಎರಡು ತಿಂಗಳು ಮಾಮು ನನಗೆ ಹೀಟ್ ಗನ್ ಮುಟ್ಟಲು ಬಿಡಲಿಲ್ಲ. ಗುಜರಿಯ ಬೋರ್ಡ್, ಒಂದು ಮೀಟರ್, ಒಂದು ನೋಟ್‌ಬುಕ್, ಇಷ್ಟೇ ಕೊಟ್ಟರು. ನಿಜ ಹೇಳಬೇಕೆಂದರೆ ಮೊದಲ ವಾರ ಬೇಸರವಾಯಿತು. ಆದರೆ ನಮ್ಮ ದ್ವಿತೀಯ ಪಿಯುಸಿ ಭೌತಶಾಸ್ತ್ರ ಪುಸ್ತಕದ ಅರ್ಧ ಭಾಗ ಆ ಬೋರ್ಡಿನ ಮೇಲೆ ಇದೆ ಎಂದು ನನಗೆ ಗೊತ್ತಾದದ್ದು ಆಗಲೇ.

ಫೋನ್ ಬ್ಯಾಟರಿ ಕೊಡುವುದು ಸುಮಾರು 3.8 ವೋಲ್ಟ್. ಆದರೆ ಒಳಗಿರುವ ಚಿಪ್‌ಗಳಿಗೆ ಬೇರೆ ಬೇರೆ ವೋಲ್ಟೇಜ್ ಬೇಕು: ಒಂದಕ್ಕೆ 1.8, ಇನ್ನೊಂದಕ್ಕೆ ಒಂದಕ್ಕಿಂತಲೂ ಕಡಿಮೆ, ಮತ್ತೊಂದಕ್ಕೆ 3. ಊರಿನ ಟ್ಯಾಂಕಿನಿಂದ ಬೀದಿ ಬೀದಿಗೆ ಬೇರೆ ಬೇರೆ ಪೈಪ್ ಎಳೆದಂತೆ, ಬ್ಯಾಟರಿಯಿಂದ ಬಂದದ್ದನ್ನು ಹಂಚುವುದು ಪವರ್ ಐಸಿ. ಪ್ರತಿ ಲೈನಿನ ಉದ್ದಕ್ಕೂ ಕೆಪಾಸಿಟರ್‌ಗಳು, ಅಂದರೆ ನಮ್ಮ ಪುಸ್ತಕದ ಧಾರಕಗಳು, ಒಂದು ಕಾಲು ಲೈನಿಗೆ, ಇನ್ನೊಂದು ಕಾಲು ಗ್ರೌಂಡ್‌ಗೆ ಕೂತಿರುತ್ತವೆ. ವೋಲ್ಟೇಜ್ ಏರಿಳಿಯದಂತೆ ನೋಡಿಕೊಳ್ಳುವುದು ಅವುಗಳ ಕೆಲಸ. ಅವುಗಳಲ್ಲಿ ಕೆಲವು 0.6 ಮಿಲಿಮೀಟರ್ ಉದ್ದ, 0.3 ಮಿಲಿಮೀಟರ್ ಅಗಲ, ಅಷ್ಟೇ. ಸೀನಿದರೆ ಹಾರಿಹೋಗುತ್ತವೆ. ನಾನು ಎರಡು ಕಳೆದಿದ್ದೇನೆ.

ಕಲಿಯಲು ಹೆಚ್ಚು ದಿನ ಹಿಡಿದದ್ದು ಮೀಟರಿನ ಡಯೋಡ್ ಮೋಡ್. ಬ್ಯಾಟರಿ ಕಳಚಿ, ಕೆಂಪು ಮೊನೆಯನ್ನು ಗ್ರೌಂಡ್‌ಗೆ, ಕಪ್ಪು ಮೊನೆಯನ್ನು ನೋಡಬೇಕಾದ ಜಾಗಕ್ಕೆ ಇಡಬೇಕು. ಉಲ್ಟಾ ಇಟ್ಟಿದ್ದೀಯ ಎಂದು ನಾನೂ ಮೊದಲು ಮಾಮುಗೆ ಹೇಳಿದ್ದೆ! ಕಾರಣ ಇಷ್ಟೇ. ಚಿಪ್‌ನೊಳಗೆ ಹೆಚ್ಚಿನ ಲೈನುಗಳಲ್ಲಿ ಗ್ರೌಂಡ್ ಕಡೆಯಿಂದ ಲೈನ್ ಕಡೆಗೆ ಮುಖ ಮಾಡಿದ ರಕ್ಷಣಾ ಡಯೋಡ್ ಇರುತ್ತದೆ. ಮೀಟರ್ ಅದರ ಮೂಲಕ ಸಣ್ಣ ಕರೆಂಟ್ ಕಳಿಸಿ, ಎಷ್ಟು ವೋಲ್ಟ್ ಇಳಿಯಿತು ಎಂದು ತೋರಿಸುತ್ತದೆ. ಸಾಮಾನ್ಯವಾಗಿ 0.3ರಿಂದ 0.7ರ ನಡುವೆ ಏನೋ ಒಂದು ಸಂಖ್ಯೆ ಬರುತ್ತದೆ. ಸೊನ್ನೆ ಬಂದರೆ ಆ ಲೈನ್ ಗ್ರೌಂಡ್‌ಗೆ ಶಾರ್ಟ್ ಆಗಿದೆ. ಬರಬೇಕಾದ ಕಡೆ ಏನೂ ಬಾರದಿದ್ದರೆ ದಾರಿ ತುಂಡಾಗಿದೆ. ಚೆನ್ನಾಗಿರುವ ಅದೇ ಮಾದರಿಯ ಬೋರ್ಡಿನಲ್ಲಿ 0.45 ಬಂದು, ಇದರಲ್ಲಿ 0.2 ಬಂದರೆ ಏನೋ ಸೋರುತ್ತಿದೆ. ಹೀಗಾಗಿ ನೋಟ್‌ಬುಕ್ ಬೇಕು. ಒಳ್ಳೆಯ ಬೋರ್ಡ್ ಕೈಗೆ ಸಿಕ್ಕಾಗಲೆಲ್ಲ ಅದರ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳುವುದು ರಿಪೇರಿಯವರ ನಿಜವಾದ ಆಸ್ತಿ. ಮಾಮು ಹತ್ತಿರ ಅಂಥ ಹನ್ನೊಂದು ನೋಟ್‌ಬುಕ್ ಇವೆ, ಕೆಲವಕ್ಕೆ ಚಹಾ ಕಲೆ.

ರಂಜಾನ್ ಹಬ್ಬಕ್ಕೆ ಹತ್ತು ದಿನ ಇದ್ದಾಗ ನಮ್ಮ ಬೀದಿಯ ಖಾಲಾ ಒಬ್ಬರು ಅಂಗಡಿಗೆ ಬಂದರು. ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಾರೆ. ಯಾರ ಬಟ್ಟೆ ಯಾವುದು, ಅಳತೆ ಎಷ್ಟು, ಯಾವ ಡಿಸೈನ್, ಎಲ್ಲವೂ ಫೋನಿನಲ್ಲಿ ಫೋಟೊ ತೆಗೆದಿಟ್ಟದ್ದು. ಬೇರೊಂದು ಕಡೆ ತೋರಿಸಿ ಬಂದಿದ್ದರು, ಅಲ್ಲಿ ಅದೇ ಮಾತು ಹೇಳಿದ್ದರು.

'ಭಾಯಿ, ನಲವತ್ತು ಜನರ ಬಟ್ಟೆ ಮನೆಯಲ್ಲಿದೆ. ಫೋನ್ ಬೇಡ, ಫೋಟೊ ಬಂದರೆ ಸಾಕು' ಎಂದರು.

'ಆಪಾ, ಮೊದಲು ಏನಾಯಿತು ಹೇಳಿ' ಎಂದರು ಮಾಮು.

ಅಡುಗೆಮನೆ ಕಿಟಕಿಯಲ್ಲಿ ಚಾರ್ಜ್‌ಗೆ ಇಟ್ಟಿದ್ದರಂತೆ. ರಾತ್ರಿ ಮಳೆಯ ಎರಚಲು ಬಿದ್ದಿದೆ. ಬೆಳಿಗ್ಗೆ ಒರೆಸಿ ಅಕ್ಕಿ ಡಬ್ಬಿಯಲ್ಲಿಟ್ಟು, ಮಾರನೆಯ ದಿನ ಮತ್ತೆ ಚಾರ್ಜ್‌ಗೆ ಹಾಕಿದ್ದಾರೆ.

ಅಕ್ಕಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಹಾಸ್ಟೆಲಿನಲ್ಲೂ ಇದನ್ನೇ ಮಾಡುತ್ತಾರೆ. ಶುದ್ಧ ನೀರು ಬೋರ್ಡಿಗೆ ಅಷ್ಟೊಂದು ಶತ್ರುವಲ್ಲ. ಅದರಲ್ಲಿ ಕರಗಿದ ಲವಣ ಶತ್ರು. ಬ್ಯಾಟರಿ ಜೋಡಿಸಿಯೇ ಇದ್ದರೆ, ರಸಾಯನಶಾಸ್ತ್ರ ಲ್ಯಾಬಿನಲ್ಲಿ ನೋಡುವ ವಿದ್ಯುದ್ವಿಭಜನೆ ಫೋನಿನೊಳಗೆ ನಡೆದು ತಾಮ್ರ ಕರಗತೊಡಗುತ್ತದೆ. ಅಕ್ಕಿ ಲವಣವನ್ನು ಹೊರಗೆಳೆಯುವುದಿಲ್ಲ, ನಡುವೆ ಒಂದು ದಿನ ಹಾಳು ಮಾಡುತ್ತದೆ. ಫೋನ್ ಒದ್ದೆಯಾದರೆ ಆಫ್ ಮಾಡಿ, ಚಾರ್ಜ್‌ಗೆ ಹಾಕಬೇಡಿ, ಬೇಗ ಬ್ಯಾಟರಿ ಕಳಚಿಸಿ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬೋರ್ಡ್ ತೊಳೆಸಿ.

ಖಾಲಾ ಫೋನ್ ಬಿಚ್ಚಿದೆವು. ಬ್ಯಾಟರಿಯಲ್ಲಿ 3.8 ವೋಲ್ಟ್ ಇತ್ತು, ಅಂದರೆ ತಪ್ಪು ಅದರದ್ದಲ್ಲ. ಬ್ಯಾಟರಿಯ ಬದಲು ಡಿಸಿ ಪವರ್ ಸಪ್ಲೈ ಜೋಡಿಸಿ ಅದರ ಆಂಪಿಯರ್ ಮೀಟರ್ ನೋಡಿದೆವು. ಈ ಮುಳ್ಳು ಬಹಳ ಮಾತಾಡುತ್ತದೆ. ಬಟನ್ ಒತ್ತಿದರೂ ಸೊನ್ನೆಯಲ್ಲೇ ಇದ್ದರೆ, ಬಟನ್ನಿನ ದಾರಿಯನ್ನೋ ಪವರ್ ಐಸಿಗೆ ಹೋಗುವ ಲೈನನ್ನೋ ಅನುಮಾನಿಸಬೇಕು. ಸ್ವಲ್ಪ ಏರಿ ಅಲ್ಲೇ ನಿಂತುಬಿಟ್ಟರೆ ಪ್ರೊಸೆಸರ್, ಮೆಮೊರಿ, ಸಾಫ್ಟ್‌ವೇರ್ ಕಡೆ ನೋಡಬೇಕು. ಈ ಫೋನಿನಲ್ಲಿ ಬಟನ್ ಒತ್ತುವ ಮೊದಲೇ ಮುಳ್ಳು ಮೇಲೆ ಹಾರಿತು. ಮುಖ್ಯ ಲೈನಿನಲ್ಲೇ ಶಾರ್ಟ್. ಡಯೋಡ್ ಮೋಡ್‌ನಲ್ಲೂ ಸೊನ್ನೆ.

ಈಗ ಕಷ್ಟದ ಭಾಗ. ಆ ಲೈನಿನ ಮೇಲೆ ಹತ್ತಾರು ಕೆಪಾಸಿಟರ್‌ಗಳು ಸಮಾಂತರವಾಗಿ ಕೂತಿವೆ. ಒಂದು ಶಾರ್ಟ್ ಆದರೂ ಮೀಟರ್ ಎಲ್ಲದರ ಮೇಲೂ ಸೊನ್ನೆಯನ್ನೇ ತೋರಿಸುತ್ತದೆ. ಕಳ್ಳ ಒಬ್ಬನೇ, ತಲೆ ತಗ್ಗಿಸಿ ನಿಂತವರು ಐವತ್ತು ಜನ. ಒಂದೊಂದನ್ನೇ ಕಿತ್ತು ನೋಡಿದರೆ ಸಂಜೆಯ ಹೊತ್ತಿಗೆ ಬೋರ್ಡೇ ಉಳಿಯುವುದಿಲ್ಲ.

ಮಾಮು ಬೋರ್ಡಿನ ಮೇಲೆ ರೋಸಿನ್ ಹೊಗೆಯನ್ನು ತೆಳುವಾಗಿ ಹಿಡಿಸಿದರು, ಕಿಟಕಿಯ ಮೇಲೆ ಮಂಜು ಕೂತಂತೆ ಬಿಳಿ ಪದರ ಬಂತು. ಪವರ್ ಸಪ್ಲೈಯಲ್ಲಿ 1 ವೋಲ್ಟ್, 2 ಆಂಪಿಯರ್ ಮಿತಿ ಇಟ್ಟರು. ಆ ಲೈನ್ ಸಹಜವಾಗಿ ತಡೆಯುವ ವೋಲ್ಟೇಜಿಗಿಂತ ಎಂದೂ ಹೆಚ್ಚು ಕೊಡಬಾರದು, ಕೊಟ್ಟರೆ ಚೆನ್ನಾಗಿರುವ ಚಿಪ್‌ಗಳೂ ಸಾಯುತ್ತವೆ. 'ಎಷ್ಟು ಬಿಸಿಯಾಗುತ್ತದೆ, ಲೆಕ್ಕ ಮಾಡು' ಎಂದರು. ಶಾರ್ಟ್ ಆದ ಜಾಗದ ರೋಧ 0.1 ಓಮ್ ಎಂದುಕೊಂಡೆ. ಕರೆಂಟಿನ ವರ್ಗ ಗುಣಿಸು ರೋಧ: 2 ಗುಣಿಸು 2 ಗುಣಿಸು 0.1, ಅಂದರೆ 0.4 ವ್ಯಾಟ್. ಕೇಳಲು ಏನೂ ಅಲ್ಲ. ಆದರೆ ಅಷ್ಟೂ ಶಾಖ ಒಂದು ಸಕ್ಕರೆ ಹರಳಿನಷ್ಟು ವಸ್ತುವಿನೊಳಗೆ ಹುಟ್ಟಿದರೆ?

ಎರಡು ಸೆಕೆಂಡು. ಬಿಳಿ ಪದರದ ನಡುವೆ ಒಂದೇ ಒಂದು ಕೆಪಾಸಿಟರ್ ಸುತ್ತ ರೋಸಿನ್ ಕರಗಿ ಕಪ್ಪು ಚುಕ್ಕೆ ಬಿತ್ತು. ಮಾಮು ಅದನ್ನು ತೆಗೆದು ಮೀಟರ್ ಇಟ್ಟರು: 0.36. ಬೋರ್ಡ್ ತೊಳೆದು, ಗುಜರಿಯ ಬೋರ್ಡಿನಿಂದ ಅಂಥದ್ದೇ ಕೆಪಾಸಿಟರ್ ತೆಗೆದು ಹಾಕಿದರು. ಫೋನ್ ಆನ್ ಆಯಿತು. ಖಾಲಾ ಮೊದಲು ನೋಡಿದ್ದು ಗ್ಯಾಲರಿಯನ್ನು. ಅಳತೆಗಳೆಲ್ಲ ಇದ್ದವು. ಅಲ್ಲೇ ನಿಂತು, ಯಾವುದಕ್ಕೂ ಇರಲಿ ಎಂದು ನನ್ನ ಕೈಯಲ್ಲಿ ಹದಿನೈದು ಅಳತೆ ಕಾಗದದ ಮೇಲೆ ಬರೆಸಿಕೊಂಡರು.

ಸುಟ್ಟಿದ್ದ ಕೆಪಾಸಿಟರಿನ ಬೆಲೆ ಒಂದು ರೂಪಾಯಿಯೂ ಇಲ್ಲ. ಹಾಗಿದ್ದರೆ ಕೂಲಿ ಅಷ್ಟೇಕೆ ಎಂದು ಕೆಲವು ಗಿರಾಕಿಗಳು ಜಗಳಕ್ಕೆ ಬರುತ್ತಾರೆ. ಐವತ್ತರಲ್ಲಿ ಯಾವುದು ಎಂದು ಹುಡುಕಿದ್ದಕ್ಕೆ ಅದು ಕೂಲಿ. ಹಾಗೆಯೇ ಎಲ್ಲ ಬೋರ್ಡೂ ಏಳುವುದಿಲ್ಲ ಎಂಬುದನ್ನೂ ಹೇಳಬೇಕು. ಒಳಪದರದಲ್ಲಿ ತಾಮ್ರ ಕರಗಿಹೋದವು, ಪ್ರೊಸೆಸರ್ರೇ ಸತ್ತವು, ಇವನ್ನು ಮಾಮು ಕೈಮುಗಿದು ವಾಪಸು ಕೊಡುತ್ತಾರೆ.

ಕಲಿಯುವ ಆಸೆ ಇರುವವರು ಸ್ವಂತ ಫೋನ್ ಬಿಚ್ಚಬೇಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಟ್ಟ ಬೋರ್ಡ್‌ಗಳು ಸಿಗುತ್ತವೆ, ನಿಮ್ಮೂರಿನ ಅಂಗಡಿಯವರೂ ಕೊಟ್ಟಾರು. ಕೆಲವು ನೂರು ರೂಪಾಯಿಯ ಮೀಟರ್ ಸಾಕು. ಬ್ಯಾಟರಿಯನ್ನು ಮಾತ್ರ ಚೂಪಾದ ಲೋಹದಿಂದ ಎಬ್ಬಬೇಡಿ, ಚುಚ್ಚಿದರೆ ಬೆಂಕಿ ಹತ್ತುತ್ತದೆ. ಬೆಸುಗೆಯ ಹೊಗೆ ಎದುರಿಗೆ ಮುಖ ಇಡಬೇಡಿ. ಫ್ಯಾಕ್ಟರಿಯಲ್ಲಿ ಬಳಸುವ ಸೀಸರಹಿತ ಬೆಸುಗೆ ಕರಗಲು 217 ಡಿಗ್ರಿ ಬೇಕು, ಸೀಸ ಬೆರೆತದ್ದಕ್ಕೆ 183 ಸಾಕು. ಈ ವ್ಯತ್ಯಾಸ ತಿಳಿಯದೆ ಗನ್ ಹಿಡಿದರೆ ನನ್ನ ಗತಿಯೇ.

ಇನ್ನೊಂದು ವಿಷಯ. ಐಎಂಇಐ ಸಂಖ್ಯೆ ಬದಲಿಸಿಕೊಡು ಎಂದು ಕೇಳಿಕೊಂಡು ಬರುವವರಿದ್ದಾರೆ, ಹಣವೂ ಚೆನ್ನಾಗಿ ಕೊಡುತ್ತೇವೆ ಅನ್ನುತ್ತಾರೆ. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಅದಕ್ಕೆ ಮೂರು ವರ್ಷದವರೆಗೆ ಜೈಲು, ಐವತ್ತು ಲಕ್ಷ ರೂಪಾಯಿವರೆಗೆ ದಂಡ. ಮಾಮು ಅಂಥವರಿಗೆ ಕುರ್ಚಿಯನ್ನೂ ತೋರಿಸುವುದಿಲ್ಲ.

ಗೆಳೆಯನ ಬೋರ್ಡ್ ಇನ್ನೂ ಅಂಗಡಿಯ ಡಬ್ಬಿಯಲ್ಲಿದೆ, ಮೇಲೆ ಅವನ ಹೆಸರಿನ ಟೇಪ್. ಪ್ರೊಸೆಸರ್ ಸತ್ತಿಲ್ಲ, ಕೆಳಗಿನ ಬೆಸುಗೆಯ ಗುಂಡುಗಳು ಒಂದಕ್ಕೊಂದು ಅಂಟಿಕೊಂಡಿರಬಹುದು ಎಂಬುದು ಮಾಮು ಅಂದಾಜು. ಅದನ್ನು ಎತ್ತಿ, ಅಡಿ ಸ್ವಚ್ಛ ಮಾಡಿ, ಹೊಸ ಗುಂಡು ಕೂರಿಸಿ ಮತ್ತೆ ಇಡಬೇಕು. ಇದಕ್ಕೆ ರೀಬಾಲಿಂಗ್ ಎನ್ನುತ್ತಾರೆ. ಗುಜರಿಯ ಪ್ರೊಸೆಸರ್‌ಗಳ ಮೇಲೆ ನಾನು ಅಭ್ಯಾಸ ಮಾಡುತ್ತಿದ್ದೇನೆ, ಇಲ್ಲಿಯವರೆಗೆ ಒಂಬತ್ತರಲ್ಲಿ ನಾಲ್ಕು ಸರಿಯಾಗಿ ಕೂತಿವೆ. ಒಂಬತ್ತಕ್ಕೆ ಒಂಬತ್ತೂ ಕೂತ ದಿನ ಆ ಡಬ್ಬಿ ತೆಗೆಯೋಣ ಎಂದಿದ್ದಾರೆ ಮಾಮು. ಗೆಳೆಯನಿಗೆ ಹೇಳಿದೆ. 'ಅವಸರ ಇಲ್ಲ, ಈ ಸಲ ಅಳೆದು ಮಾಡು' ಎಂದ.