ಕೆರಿಬಿಯನ್ ಪ್ರವಾಸಕ್ಕೆ ಯಾವ ತಿಂಗಳು?

ಅಮೆರಿಕದಲ್ಲಿ ನೆಲೆಸಿದ ಮಕ್ಕಳು "ಮನೆಮಂದಿಯೆಲ್ಲ ಜಮೈಕಾದಲ್ಲಿ ಸೇರೋಣ, ಅಜ್ಜಿಯನ್ನೂ ಕರೆತನ್ನಿ" ಎಂದು ಫೋನಿನಲ್ಲಿ ಒತ್ತಾಯಿಸುವುದುಂಟು. ಹದಿನೈದಿಪ್ಪತ್ತು ಮಂದಿ ಹೊರಡುವುದೆಂದರೆ ಬೆಳೆಗಾರರಾದ ನಾವು ಮೊದಲು ನೋಡಬೇಕಾದದ್ದು ಕ್ಯಾಲೆಂಡರು.

ಆ ದ್ವೀಪಗಳಲ್ಲಿ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಣಹವೆ. ಪ್ರವಾಸಿಗಳ ನೂಕುನುಗ್ಗಲು, ಬಾಡಿಗೆಯೂ ದುಬಾರಿ. ನಮ್ಮಲ್ಲಿ ಅದೇ ಹೊತ್ತಿಗೆ ಕಾಫಿ ಕೊಯ್ಲು, ಅಡಿಕೆ ಸುಲಿತ, ಕಣದ ಕೆಲಸ. ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಚಂಡಮಾರುತದ ಕಾಲ. 1988ರ ಸೆಪ್ಟೆಂಬರಿನಲ್ಲಿ ಗಿಲ್ಬರ್ಟ್, 2025ರ ಅಕ್ಟೋಬರಿನಲ್ಲಿ ಮೆಲಿಸ್ಸಾ ಜಮೈಕಾವನ್ನು ಜರ್ಝರಿತಗೊಳಿಸಿದವು. ಉಳಿಯುವುದು ಹೂಮಳೆ ಮುಗಿದು ಅಡಿಕೆಗೆ ಬೋರ್ಡೋ ಹೊಡೆಯುವ ಮುಂಚಿನ ದಿನಗಳು, ಅಂದರೆ ಮೇ ತಿಂಗಳ ಮೊದಲರ್ಧ. ಆಗಾಗ ಮಳೆ ಬಂದೀತು. ಮಲೆನಾಡಿನವರಿಗೆ ಅದೇನು ಹೊಸದೇ? ಅಮೆರಿಕದ ಮೊಮ್ಮಕ್ಕಳಿಗೆ ಮಾತ್ರ ಆಗ ಶಾಲೆ ಇರುತ್ತದೆ. ಆ ಮಾತನ್ನು ಟಿಕೆಟ್ಟಿಗೆ ಮೊದಲೇ ಆಡಿಕೊಳ್ಳಬೇಕು.

ಹೋಟೆಲಿಗಿಂತ ಅಡುಗೆಮನೆಯಿರುವ ದೊಡ್ಡ ಬಾಡಿಗೆ ಮನೆ ಮೇಲು. ಅಕ್ಕಿ ಸಿಗುತ್ತದೆ, ನಮ್ಮ ಜೀಗುಜ್ಜೆಯೂ ಅಲ್ಲಿ ಬೆಳೆಯುತ್ತದೆ.

ಸಮುದ್ರತೀರದಲ್ಲೇ ಎಲ್ಲ ದಿನ ಕಳೆಯದೆ ಒಮ್ಮೆ ಬ್ಲೂ ಮೌಂಟನ್ ಬೆಟ್ಟದ ತೋಟಗಳನ್ನು ನೋಡಿಬರಬೇಕು. ಸುಮಾರು 3000 ಅಡಿಗಿಂತ ಮೇಲೆ ಅರೇಬಿಕಾ. ಬೆಳೆಗಾರರಲ್ಲಿ ಬಹುಮಂದಿ ನಮ್ಮಂತೆಯೇ ಸಣ್ಣ ಹಿಡುವಳಿಯವರು. ಬೀಜವನ್ನು ಹೊರದೇಶಕ್ಕೆ ಮರದ ಪೀಪಾಯಿಗಳಲ್ಲಿ ತುಂಬಿ ಕಳಿಸುತ್ತಾರೆ.