ಕಾಗದದ ಮಕ್ಕಳು

ಹೊಟ್ಟೆಪಾಡಿಗಾಗಿ ಹುಟ್ಟಿದೂರನ್ನು ತೊರೆದು ಹೋಗುವುದು ಮನುಷ್ಯನಿಗೆ ಹೊಸತಲ್ಲ. ಆದರೆ ಹಾಗೆ ಬಂದವರನ್ನು ಕುರಿತ ಜನರ ಮನೋಭಾವ ಕಾಲಕಾಲಕ್ಕೆ ಬದಲಾಗುತ್ತದೆ. ಅಮೆರಿಕದಲ್ಲಿ ಚೀನೀಯರಿಗೆ ಒದಗಿದ ಅನುಭವ ಇದಕ್ಕೆ ತಕ್ಕ ನಿದರ್ಶನವಾಗಿದೆ.

1848ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಿನ್ನ ದೊರೆಯಿತು. ಆ ಸುದ್ದಿಯನ್ನು ಕೇಳಿ ದಕ್ಷಿಣ ಚೀನದ ಬಡವರು ಸಾಗರವನ್ನು ದಾಟಿ ಬಂದರು. ಮುಂದೆ ದೇಶದ ಪೂರ್ವ ಪಶ್ಚಿಮ ಭಾಗಗಳನ್ನು ಜೋಡಿಸುವ ರೈಲುಮಾರ್ಗದ ನಿರ್ಮಾಣ ಆರಂಭವಾಯಿತು. ಹತ್ತು ಸಾವಿರಕ್ಕೂ ಹೆಚ್ಚು ಚೀನೀ ಕೂಲಿಗಾರರು ಸಿಯೆರಾ ನೆವಾಡ ಪರ್ವತಗಳ ಬಂಡೆಗಳನ್ನು ಸಿಡಿಸಿ ಸುರಂಗಗಳನ್ನು ಕೊರೆದರು. ಹಿಮಪಾತಕ್ಕೂ ಸಿಡಿಮದ್ದಿಗೂ ಅನೇಕರು ಬಲಿಯಾದರು. 1869ರಲ್ಲಿ ಮಾರ್ಗವು ಪೂರ್ಣಗೊಂಡಿತು.

1873ರಲ್ಲಿ ಆರ್ಥಿಕ ಮುಗ್ಗಟ್ಟು ತಲೆದೋರಿತು. ಕೆಲಸವಿಲ್ಲದೆ ಬಳಲಿದ ಬಿಳಿಯ ಕಾರ್ಮಿಕರು, ಚೀನೀಯರು ಕಡಿಮೆ ಕೂಲಿಗೆ ದುಡಿದು ತಮ್ಮ ಅನ್ನವನ್ನು ಕಸಿಯುತ್ತಿದ್ದಾರೆಂದು ಕೂಗೆಬ್ಬಿಸಿದರು. ಅವರ ಕಷ್ಟ ಸುಳ್ಳಾಗಿರಲಿಲ್ಲ. ಆದರೆ ಕೂಲಿಯನ್ನು ಇಳಿಸಿದವರು ಮಾಲೀಕರು. ಕೋಪಕ್ಕೆ ಗುರಿಯಾದವರು ಪರದೇಶಿಗಳು. ಜನಾಭಿಪ್ರಾಯಕ್ಕೆ ಮಣಿದ ಸರ್ಕಾರ 1882ರಲ್ಲಿ ಕಾಯಿದೆಯನ್ನು ಮಾಡಿ ಚೀನೀ ಕಾರ್ಮಿಕರ ಪ್ರವೇಶವನ್ನು ನಿಷೇಧಿಸಿತು. 1892ರ ಕಾಯಿದೆಯಂತೆ, ಮೊದಲೇ ನೆಲೆಸಿದ್ದ ಚೀನೀ ಕಾರ್ಮಿಕರೂ ವಾಸಪತ್ರವನ್ನು ಪಡೆಯಬೇಕಾಯಿತು. ಅದಿಲ್ಲದವರು ಗಡೀಪಾರಿಗೆ ಗುರಿಯಾಗಬಹುದಾಗಿತ್ತು.

ಕಾಯಿದೆ ಬಾಗಿಲನ್ನು ಮುಚ್ಚಿತು. ಆದರೆ ಬಡತನ ಜನರನ್ನು ಹೊರಡಿಸುತ್ತಲೇ ಇತ್ತು. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಜನನ ದಾಖಲೆಗಳು ಸುಟ್ಟುಹೋದವು. ಅಲ್ಲಿದ್ದ ಹಲವು ಚೀನೀಯರು ತಾವು ಅಮೆರಿಕದಲ್ಲಿಯೇ ಹುಟ್ಟಿದವರೆಂದು ಹೇಳಿಕೊಂಡು ಪೌರತ್ವವನ್ನು ಪಡೆದರು. ಪೌರರ ಮಕ್ಕಳಿಗೂ ಪ್ರವೇಶದ ಹಕ್ಕಿದ್ದುದರಿಂದ, ಇಲ್ಲದ ಮಕ್ಕಳನ್ನು ದಾಖಲೆಯಲ್ಲಿ ಸೇರಿಸಿ, ಆ ಹೆಸರುಗಳನ್ನು ಊರಿನ ಯುವಕರಿಗೆ ಮಾರಿದರು. ಹೀಗೆ ಬಂದವರೇ ‘ಕಾಗದದ ಮಕ್ಕಳು’.

ಇದನ್ನು ತಡೆಯಲು ಅಧಿಕಾರಿಗಳು 1910ರಿಂದ 1940ರವರೆಗೆ ಏಂಜಲ್ ದ್ವೀಪದಲ್ಲಿ ಬಂದವರನ್ನು ಇರಿಸಿ ವಿಚಾರಿಸುತ್ತಿದ್ದರು. ಮನೆಗೆ ಮೆಟ್ಟಿಲುಗಳೆಷ್ಟು, ಬಾವಿ ಎಲ್ಲಿದೆ, ನೆರೆಯವರು ಯಾರು ಎಂದು ಪ್ರಶ್ನೆಗಳ ಮೇಲೆ ಪ್ರಶ್ನೆಗಳು. ಸುಳ್ಳು ಮಗ ಉತ್ತರಗಳನ್ನು ಬಾಯಿಪಾಠ ಮಾಡಿ ಪಾರಾಗಬಹುದಾಗಿತ್ತು. ನಿಜವಾದ ಮಗ ತಡವರಿಸಿ ಸಿಕ್ಕಿಬೀಳಬಹುದಾಗಿತ್ತು. ಪಾರಾದವನು ಸ್ವಂತ ಹೆಸರನ್ನು ಮರೆಮಾಚಿ, ಸಿಕ್ಕಿಬೀಳುವ ಭಯದಲ್ಲಿಯೇ ಬಾಳಬೇಕಾಗಿತ್ತು.

ಎರಡನೆಯ ಮಹಾಯುದ್ಧದಲ್ಲಿ ಚೀನ ಅಮೆರಿಕದ ಮಿತ್ರರಾಷ್ಟ್ರವಾಯಿತು. 1943ರಲ್ಲಿ ನಿಷೇಧ ರದ್ದಾದರೂ ವರ್ಷಕ್ಕೆ 105 ಜನರಿಗೆ ಮಾತ್ರ ಅವಕಾಶ ದೊರೆಯಿತು. ಹುಟ್ಟಿದ ದೇಶವನ್ನು ನೋಡಿ ಪಾಲು ಹಂಚುವ ಪದ್ಧತಿಯನ್ನು 1965ರ ಕಾಯಿದೆ ಕೊನೆಗಾಣಿಸಿತು. ಅನಂತರವೇ ನಮ್ಮ ನಾಡಿನ ವೈದ್ಯರೂ ಎಂಜಿನಿಯರರೂ ಹೆಚ್ಚಿನ ಸಂಖ್ಯೆಯಲ್ಲಿ ಅಲ್ಲಿಗೆ ಹೋಗಲು ಸಾಧ್ಯವಾಯಿತು. 2012ರಲ್ಲಿ ಅಮೆರಿಕದ ಪ್ರತಿನಿಧಿಸಭೆ ಹಳೆಯ ನಿಷೇಧಕ್ಕಾಗಿ ವಿಷಾದವನ್ನು ಸೂಚಿಸಿತು.

ಗಡಿಯನ್ನು ಕಾಯುವುದು, ಪ್ರವೇಶಕ್ಕೆ ನಿಯಮ ಮಾಡುವುದು ಪ್ರತಿಯೊಂದು ರಾಷ್ಟ್ರದ ಹಕ್ಕು. ಆದರೆ ಒಂದೇ ಊರಿನಿಂದ, ಒಂದೇ ಕಾರಣಕ್ಕೆ ಬಂದ ಮನುಷ್ಯ 1869ರಲ್ಲಿ ಶ್ರಮಿಕ, 1882ರ ಬಳಿಕ ಅಪರಾಧಿ. ಬದಲಾದುದು ಅವನಲ್ಲ, ಅವನನ್ನು ನೋಡುವ ಕಣ್ಣು. ಪರಊರಿನಿಂದ ಬಂದವರನ್ನು ಕುರಿತು ತೀರ್ಪು ಕೊಡುವ ಮೊದಲು ಈ ಮಾತನ್ನು ನೆನೆಯುವುದು ಎಲ್ಲರಿಗೂ ಒಳಿತು.