ದೊಡ್ಡ ಅಯಸ್ಕಾಂತವೂ ಗೋಡೆಯ ಸ್ವಿಚ್ಚೂ

ವಿದ್ಯುತ್ ಎಂಜಿನಿಯರಿಂಗನ್ನು ಓದಿದ ಹೆಣ್ಣುಮಕ್ಕಳಲ್ಲಿ ಕೆಲವರು ಮೊದಲು ಅತಿವಾಹಕ ಅಯಸ್ಕಾಂತಗಳ ಸಂಶೋಧನೆಯಲ್ಲಿದ್ದು, ಅನಂತರ ಸ್ವಿಚ್ಚು, ಸಾಕೆಟ್ಟು, ಸರ್ಕಿಟ್ ಬ್ರೇಕರ್ ಮುಂತಾದ ಸಾಮಗ್ರಿಗಳನ್ನು ರೂಪಿಸುವ ಕಾರ್ಖಾನೆಗೆ ಸೇರುವುದುಂಟು. ಆಗ ಮನೆಯವರು ನಮ್ಮ ಬಳಿಗೆ ಬಂದು, "ಅಷ್ಟು ದೊಡ್ಡ ವಿದ್ಯೆ ಕಲಿತು ಕೊನೆಗೆ ಸ್ವಿಚ್ಚು ಮಾಡುವುದಕ್ಕೆ ಹೋದಳಲ್ಲಾ, ಅಮ್ಮಾವರೇ" ಎಂದು ವ್ಯಥೆಪಡುತ್ತಾರೆ. ಅಕ್ಕನು ಮೇಲಿನಿಂದ ಕೆಳಗಿಳಿದಳೆಂದು ಭಾವಿಸಿ, ತಂಗಿಗೆ ಎಂಜಿನಿಯರಿಂಗೇ ಬೇಡವೆಂದು ನಿಶ್ಚಯಿಸಿದವರನ್ನೂ ನಾವು ಕಂಡಿದ್ದೇವೆ. ಆದಕಾರಣ ಈ ಎರಡು ಕೆಲಸಗಳಿಗಿರುವ ಸಂಬಂಧವನ್ನು ಇಲ್ಲಿ ವಿವರಿಸಲು ಅಪೇಕ್ಷಿಸುತ್ತೇವೆ.

ವಿದ್ಯುತ್ತು ತಂತಿಯಲ್ಲಿ ಹರಿಯುವಾಗ ತಂತಿಯು ಅದನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಈ ತಡೆಗೆ ರೋಧವೆಂದು ಹೆಸರು. ರೋಧವಿದ್ದಲ್ಲಿ ಶಾಖವುಂಟು, ಪ್ರವಾಹವು ಇಮ್ಮಡಿಯಾದರೆ ಶಾಖವು ನಾಲ್ಮಡಿಯಾಗುತ್ತದೆ. ಇಸ್ತ್ರಿಪೆಟ್ಟಿಗೆಯಲ್ಲಿ ನಮಗೆ ಬೇಕಾದದ್ದು ಈ ಶಾಖವೇ. ಆದರೆ ತಾಮ್ರದ ತಂತಿಯನ್ನು ಸುರುಳಿಸುತ್ತಿ ಬಹಳ ಬಲವಾದ ಅಯಸ್ಕಾಂತವನ್ನು ಮಾಡಹೊರಟವನಿಗೆ ಅದೇ ಶತ್ರು.

ಹಾಲೆಂಡಿನ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಓನ್ನೆಸ್ ಎಂಬ ಪಂಡಿತರು 1908ರಲ್ಲಿ ಹೀಲಿಯಂ ಅನಿಲವನ್ನು ದ್ರವವಾಗಿಸಿದರು. 1911ರಲ್ಲಿ ಅದರ ನೆರವಿನಿಂದ ಪಾದರಸವನ್ನು ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ತಣಿಸಲಾಗಿ, ಅದರ ರೋಧವು ಹಠಾತ್ತನೆ ಇಲ್ಲವಾಯಿತು. ಇದೇ ಅತಿವಾಹಕತ್ವ. ಇದರಿಂದ ಮಹಾ ಅಯಸ್ಕಾಂತಗಳನ್ನು ಮಾಡಬಹುದೆಂದು ಅವರು ಆಶಿಸಿದರೂ, ಕಾಂತಬಲವು ಸ್ವಲ್ಪ ಹೆಚ್ಚಿದೊಡನೆ ಆ ಗುಣವೇ ಅಳಿಯುತ್ತಿತ್ತು. ಬಲವಾದ ಕಾಂತಕ್ಷೇತ್ರವನ್ನು ತಾಳಬಲ್ಲ ಅತಿವಾಹಕವು ನಿಯೋಬಿಯಂ ಮತ್ತು ತವರ ಕೂಡಿದ ವಸ್ತುವಿನಲ್ಲಿ 1961ರಲ್ಲಿ ಗೊತ್ತಾಯಿತು. ಈಗ ಆಸ್ಪತ್ರೆಗಳ ಎಂ.ಆರ್.ಐ. ಯಂತ್ರಗಳಲ್ಲಿ ಸಾಮಾನ್ಯವಾಗಿರುವುದು ನಿಯೋಬಿಯಂ-ಟೈಟೇನಿಯಂ ತಂತಿಯ ಸುರುಳಿ. 1.5 ಟೆಸ್ಲಾ ಬಲದ ಯಂತ್ರದ ಕಾಂತಕ್ಷೇತ್ರವು ಭೂಮಿಯದಕ್ಕಿಂತ ಸುಮಾರು 30,000 ಪಾಲು ಹೆಚ್ಚು.

ಇಂಥ ಸುರುಳಿಯನ್ನು ಸುತ್ತುವುದು ಸುಲಭವಲ್ಲ. ಕೂದಲಿಗಿಂತ ತೆಳ್ಳಗಿನ ಅತಿವಾಹಕ ಎಳೆಗಳನ್ನು ತಾಮ್ರದೊಳಗೆ ಹುದುಗಿಸಿರುತ್ತಾರೆ. ಎಳೆಯು ಒಂದಿಷ್ಟು ಕದಲಿದರೂ ಹುಟ್ಟುವ ಅಲ್ಪ ಶಾಖದಿಂದ ಅತಿವಾಹಕತ್ವವು ಕೆಡಬಹುದು. ಆಗ ಸುತ್ತಲಿನ ತಾಮ್ರವು ಪ್ರವಾಹವನ್ನು ಹೊತ್ತುಕೊಂಡು ಸುರುಳಿಯನ್ನು ಉಳಿಸಬೇಕು. (ಕಸೂತಿಯಲ್ಲಿ ಪಳಗಿದ ಕೈಗೆ ಈ ಕೆಲಸವು ತಕ್ಕದ್ದೆಂದು ಹೇಳುವವರಿದ್ದಾರೆ. ನಾವು ಒಪ್ಪುವುದಿಲ್ಲ, ಇಲ್ಲಿ ಕೈಗಿಂತ ಮೊದಲು ಗಣಿತವು ಬೇಕು.) ಇಷ್ಟಾದರೂ ದೊಡ್ಡ ಭಯವಿರುವುದು ಒಂದು ತಂತಿಯು ಮತ್ತೊಂದನ್ನು ಸೇರುವ ಕೂಡಿಕೆಯಲ್ಲಿ.

ಇದಕ್ಕೆ ಪ್ರಸಿದ್ಧವಾದ ದೃಷ್ಟಾಂತವೊಂದುಂಟು. ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ಗಡಿಯಲ್ಲಿ ಸರ್ನ್ ಸಂಸ್ಥೆಯವರು ನೆಲದೊಳಗೆ 27 ಕಿಲೋಮೀಟರು ಸುತ್ತಳತೆಯ ಯಂತ್ರವನ್ನು ಕಟ್ಟಿದ್ದಾರೆ. ಕಣಗಳನ್ನು ಬಾಗಿಸುವ ಅತಿವಾಹಕ ಅಯಸ್ಕಾಂತಗಳೇ ಅದರಲ್ಲಿ 1,232. 2008ನೇ ಸೆಪ್ಟೆಂಬರ್ 19ರಂದು, ಸುಮಾರು 8,700 ಆಂಪಿಯರ್ ಪ್ರವಾಹವಿದ್ದಾಗ, ಸರಿಯಾಗಿ ಬೆಸೆಯದ ಒಂದೇ ಒಂದು ಕೂಡಿಕೆಯು ಕಾದುಹೋಯಿತು. ಅದರ ರೋಧವು ಒಂದು ಓಮಿನ ಕೋಟಿಯಲ್ಲಿ ಎರಡು ಪಾಲಿನಷ್ಟೆಂದು ಆಮೇಲೆ ಅಂದಾಜಾಯಿತು. ಲೆಕ್ಕಹಾಕಿದರೆ ಹುಟ್ಟಿದ ಶಾಖವು ಹದಿನೈದು, ಹದಿನೇಳು ವ್ಯಾಟು. ರಾತ್ರಿ ಮಲಗುವ ಕೋಣೆಯಲ್ಲಿ ಉರಿಸುವ ಸಣ್ಣ ಬಲ್ಬಿನಷ್ಟು. ಅಷ್ಟರಿಂದಲೇ ಕೂಡಿಕೆಯು ಕರಗಿ, ಕಿಡಿಯು ಹಾರಿ, ಹೀಲಿಯಂ ಪಾತ್ರೆಗೆ ತೂತಾಯಿತು. ಆರು ಟನ್ನುಗಳಷ್ಟು ಹೀಲಿಯಂ ನಷ್ಟವಾಯಿತು. 53 ಅಯಸ್ಕಾಂತಗಳನ್ನು ಸುರಂಗದಿಂದ ಮೇಲಕ್ಕೆತ್ತಬೇಕಾಯಿತು. ಯಂತ್ರವು ಮರಳಿ ನಡೆದದ್ದು 2009ರ ನವೆಂಬರಿನಲ್ಲಿ.

ಈಗ ಮನೆಯ ಗೋಡೆಯನ್ನು ನೋಡೋಣ. 1,000 ವ್ಯಾಟಿನ ಇಸ್ತ್ರಿಪೆಟ್ಟಿಗೆಯು ನಾಲ್ಕು ಆಂಪಿಯರಿಗಿಂತ ತುಸು ಹೆಚ್ಚು ಪ್ರವಾಹವನ್ನು ಎಳೆಯುತ್ತದೆ. ಸಾಕೆಟ್ಟಿನೊಳಗಿನ ಹಿತ್ತಾಳೆಯ ಹಿಡಿಕೆಯು ಸಡಿಲಗೊಂಡು ಅಲ್ಲಿ ಅರ್ಧ ಓಮಿನಷ್ಟು ರೋಧವಾದರೆ, ಬಟಾಣಿಯಷ್ಟು ಜಾಗದಲ್ಲಿ ಒಂಬತ್ತು ವ್ಯಾಟು ಶಾಖವು ಕೂಡುತ್ತದೆ. ಪ್ಲಗ್ಗಿನ ಮುಳ್ಳು ಕಪ್ಪಾಗುವುದೂ, ಸುಟ್ಟ ವಾಸನೆ ಬರುವುದೂ ಇದರಿಂದಲೇ. ಹಿಡಿಕೆಗೆ ಯಾವ ಲೋಹ, ಅದು ಎಷ್ಟು ಬಿಗಿಯಾಗಿ ಒತ್ತಬೇಕು, ಸ್ವಿಚ್ಚಿನ ತುದಿಗೆ ಬೆಳ್ಳಿ ಎಷ್ಟು, ಸಾವಿರಾರು ಸಲ ಹಾಕಿ ತೆಗೆದ ಮೇಲೆ ಎಷ್ಟು ಬಿಸಿಯಾಗುತ್ತದೆ ಎಂಬುದೆಲ್ಲ ಅಯಸ್ಕಾಂತದ ಕೂಡಿಕೆಯಲ್ಲಿ ಕಲಿತ ಶಾಸ್ತ್ರವೇ. ಒಂದು ವಿಷಯದಲ್ಲಿ ಸ್ವಿಚ್ಚಿನ ಕೆಲಸವೇ ಹೆಚ್ಚು ಕಠಿಣವೆಂದು ನಮ್ಮ ಅಭಿಪ್ರಾಯ. ಅಯಸ್ಕಾಂತಕ್ಕೆ ಹಗಲಿರುಳು ಕಾವಲಿರುವ ವಿದ್ವಾಂಸರಿದ್ದಾರೆ. ಸ್ವಿಚ್ಚಾದರೋ ಅಗ್ಗದ ಬೆಲೆಗೆ ಲಕ್ಷಗಟ್ಟಲೆ ತಯಾರಾಗಬೇಕು, ಒದ್ದೆಗೈಯ ಮಗುವು ಮುಟ್ಟಿದರೂ ಅಪಾಯವಾಗಬಾರದು. 1960ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯು ವಿದ್ಯುತ್ ಸಾಮಗ್ರಿಗಳನ್ನು ಪರೀಕ್ಷಿಸುವ ಸ್ಥಳವು ನಮ್ಮ ಮತ್ತಿಕೆರೆಗೆ ದೂರವೇನಲ್ಲ.

ಈ ಎರಡು ವಿದ್ಯೆಗಳೂ ನಮ್ಮ ನೆರೆಯಲ್ಲೇ ಎದುರುಬದುರಾಗಿದ್ದವೆಂಬುದನ್ನು ಹೇಳದೆ ಬಿಡಲಾರೆವು. ಜನರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯ ಎದುರಿಗೆ 1932ರಲ್ಲಿ ಮೈಸೂರು ಸರ್ಕಾರದ ಪಿಂಗಾಣಿ ಕಾರ್ಖಾನೆಯು ಆರಂಭವಾಯಿತು. 1976ರಲ್ಲಿ ಅದು ಬಿ.ಎಚ್.ಇ.ಎಲ್.ಗೆ ಸೇರಿತು. ಅಲ್ಲಿ ಮಾಡಿದ್ದು ವಿದ್ಯುತ್ತನ್ನು ಸ್ವಲ್ಪವೂ ಹರಿಯಗೊಡದ ಸುಟ್ಟ ಮಣ್ಣಿನ ಇನ್ಸುಲೇಟರುಗಳನ್ನು. ರಸ್ತೆಯ ಈಚೆ, 1987ರಲ್ಲಿ, ಸಿ.ಎನ್.ಆರ್. ರಾವ್ ಅವರೂ ಅವರ ಸಂಗಡಿಗರೂ ದ್ರವ ನೈಟ್ರೋಜನ್ನಿನ ತಂಪಿನಲ್ಲೇ ಅತಿವಾಹಕವಾಗುವ ಒಂದು ಆಕ್ಸೈಡಿನ ಮೇಲೆ ಕೆಲಸಮಾಡುತ್ತಿದ್ದರು. ಅದೂ ಕುಲುಮೆಯಲ್ಲಿ ಸುಟ್ಟ ಪಿಂಗಾಣಿಯ ಜಾತಿಯದೇ. ಆ ಎರಡರ ನಡುವಣ ವೃತ್ತಕ್ಕೆ ಈಗ ರಾವ್ ಅವರದೇ ಹೆಸರು.

ಇದು ಹೆಂಗಸರಿಗೆ ಹೊಸ ದಾರಿಯೂ ಅಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿದ ರಾಜೇಶ್ವರಿ ಚಟರ್ಜಿಯವರು 1943ರಲ್ಲಿ ಅದೇ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಮುಂದೆ ಅಮೆರಿಕೆಯ ಮಿಷಿಗನ್ನಿಗೆ ಹೋಗಿ, ನಡುವೆ 1949ರಲ್ಲಿ ಅಲ್ಲಿನ ರಾಷ್ಟ್ರೀಯ ಮಾಪನಾಲಯದಲ್ಲಿ ಎಂಟು ತಿಂಗಳು ರೇಡಿಯೋ ಅಳತೆಗಳ ಕೆಲಸವನ್ನು ಕಲಿತು, ಡಾಕ್ಟರ್ ಪದವಿಯೊಡನೆ 1953ರಲ್ಲಿ ಮರಳಿ ಇಲ್ಲಿಯೇ ಅಧ್ಯಾಪಕಿಯಾದರು. ಅವರ ವಿಷಯವು ಮೈಕ್ರೋವೇವ್ ಮತ್ತು ಆಂಟೆನಾಗಳು.

ತಂಗಿಯರ ವಿಷಯವಾಗಿ ಕೇಳುವ ಪೋಷಕರಿಗೆ ಒಂದು ಅರಿಕೆ. ಹತ್ತನೆಯ ತರಗತಿಯ ತರುವಾಯ ಭೌತಶಾಸ್ತ್ರ, ಗಣಿತಗಳೊಡನೆ ಪಿ.ಯು.ಸಿ. ಓದುವುದೊಂದು ದಾರಿ. ಮೂರು ವರ್ಷದ ಎಲೆಕ್ಟ್ರಿಕಲ್ ಡಿಪ್ಲೊಮಾ ಇನ್ನೊಂದು. ಅದನ್ನು ಮುಗಿಸಿದವರು ಪ್ರವೇಶ ಪರೀಕ್ಷೆಯನ್ನು ಬರೆದು ಬಿ.ಇ. ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಮಗಳನ್ನೂ ಕರೆತಂದು ಮಾತಾಡಬೇಕೆನ್ನುವವರು ಶನಿವಾರ ಶಾಲೆ ಬಿಟ್ಟ ಮೇಲೆ ನಮ್ಮ ಕೊಠಡಿಗೆ ಬರಬಹುದು.